ಒಂದು ದಿನದ ಮಟ್ಟಿಗೆ

ಮಸ್ಕಿಯಲ್ಲಿ ಬಸ್ಸು ಹತ್ತಿದಾಗಿನಿಂದ ದೊಡ್ಡಬಸಪ್ಪ ಮಾಸ್ತರ ಒಂದೇ ಮಾತನ್ನು ಮನಸ್ಸಿನಲ್ಲಿ ಬರೆದು ಬರೆದು ಅಳಿಸುತ್ತಿದ್ದ. ‘ಆದೆಮ್ಮಾ, ನಿನ್ನ ಮಗಳನ್ನ ಒಂದು ದಿನದ ಮಟ್ಟಿಗೆ ನಮ್ಮ ಸಾಲಿಗೆ ಕಳಿಸವ್ವಾ’ ಎಂದರೆ ಬೇಡಿದಂತಾಗುತ್ತದೆ. ‘ಕಳಿಸಬೇಕು’ ಎಂದರೆ ಸರಕಾರದ ಮಾತಿನಂತೆ ತೂಕವಾಗಿ ಕೇಳುತ್ತದೆ, ನಿಜ; ಆದರೆ ಎರಡು ವರ್ಷದ ಹಿಂದೆ ‘ಕಳಿಸಬೇಡ’ ಎಂದದ್ದೂ ಸರಕಾರವೇ, ಅಂದರೆ ತಾನೇ. ಮುಂದಿನ ಸೀಟು ಸಿಕ್ಕಿತ್ತು. ಹೆಡ್‌ಮಾಸ್ತರರೆಂದು ಪರಿಚಯದ ಕಂಡಕ್ಟರ್ ಒಬ್ಬ ಮುದುಕಿಯನ್ನು ಎಬ್ಬಿಸಿ ಕೊಟ್ಟಿದ್ದ. ಎದ್ದ ಮುದುಕಿ ಸಿಂಧನೂರಿನವರೆಗೂ ಇವನ ಹೆಗಲಿಗೆ ಆತು ನಿಂತು ತೂಕಡಿಸಿದಳು. ಪಾಪ, ಎಬ್ಬಿಸಬಾರದಿತ್ತು ಎಂದು ದೊಡ್ಡಬಸಪ್ಪ ಹಾದಿಯಲ್ಲಿ ಎರಡು ಸಲ ಮರುಗಿದ. ಮರುಗುವುದು ಕೂತೇ ಮಾಡಬಹುದಾದ ಕೆಲಸ. ಬಿಳೇಗಲ್ಲಿನ ಶಾಲೆಯ ವಹಿಯಲ್ಲಿ ಬೆಳಿಗ್ಗೆ ‘ಶಾಲಾ ಕೆಲಸದ ನಿಮಿತ್ತ’ ಎಂದು ಬರೆದು ಬಂದಿದ್ದ. ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ಆ ನಿಮಿತ್ತದಿಂದ ಅವನು ಎಷ್ಟೋ ಮದುವೆಗಳಿಗೆ ಹೋಗಿದ್ದ, ಮಗಳಿಗೆ ವರ ನೋಡಿದ್ದ, ಮನೆ ಕಟ್ಟಲು ಸಿಮೆಂಟು ತಂದಿದ್ದ, ಒಮ್ಮೆ ಸಿಂಧನೂರಿನ ಟಾಕೀಸಿನಲ್ಲಿ ಎರಡು ಆಟ ನೋಡಿದ್ದ. ಆಗೆಲ್ಲ ಅಕ್ಷರ ದುಂಡಗೆ ಬಂದಿದ್ದವು. ಇವತ್ತೊಂದೇ ದಿನ ಅದು ನಿಜವಾಗಿತ್ತು, ಇವತ್ತೇ ಅಕ್ಷರ ಸೊಟ್ಟಗಾದವು.

ಎಲ್ಲ ಲಿಂಗಸುಗೂರಿನಲ್ಲಿ ಸುರುವಾದದ್ದು. ಹೊಸ ಯೋಜನೆ ಬಂದಿತ್ತು, ಯೋಜನೆಯ ಹಿಂದೆ ಐದು ದಿನದ ತರಬೇತಿ ಬಂದಿತ್ತು, ತರಬೇತಿಯ ಹಿಂದೆ ಉಪ್ಪಿಟ್ಟು. ಮಗುವಿನ ಸರ್ವಾಂಗೀಣ ವಿಕಾಸ ಎಂದು ಮೊದಲನೆಯ ದಿನ ಹಲಗೆಯ ಮೇಲೆ ಬರೆದರು; ತಾಲೂಕಿನ ಅರವತ್ತು ಹೆಡ್‌ಮಾಸ್ತರರು ಅದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡು ಅಡಿಗೆರೆ ಎಳೆದರು. ಯಾವ ಮಗುವನ್ನೂ ಹೊರಗಿಡಬಾರದು, ಕುರುಡ ಕಿವುಡ ಕುಂಟ ಎನ್ನಬಾರದು, ಎಲ್ಲರೂ ಒಂದೇ ಚಾಪೆಯ ಮೇಲೆ ಕೂಡಬೇಕು. ಮೂರನೆಯ ದಿನ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸಿದರು, ಕುರುಡುತನ ಅನುಭವಕ್ಕೆ ಬರಲಿ ಎಂದು. ದೊಡ್ಡಬಸಪ್ಪನಿಗೆ ಬಟ್ಟೆಯ ಸಂದಿಯಿಂದ ಸ್ವಲ್ಪ ಕಾಣುತ್ತಿತ್ತು. ಆದರೂ ಚಹಾದ ಟೇಬಲ್ಲಿಗೆ ಬೇಕಂತಲೇ ಎಡವಿದ, ‘ಭಾಳ ಕಷ್ಟ ಅದ ರೀ ಅವರ ಬಾಳೇವು’ ಎಂದು ಎಲ್ಲರಿಗೂ ಕೇಳುವಂತೆ ಅಂದ. ಕೊನೆಯ ದಿನ ಜಿಲ್ಲೆಯಿಂದ ಸಾಹೇಬರು ಬಂದು ಪ್ರತಿಯೊಬ್ಬರೂ ತಮ್ಮ ಶಾಲೆಯ ಅನುಭವ ಹೇಳಲಿ ಎಂದರು. ಒಬ್ಬ ಸೋರುವ ಮಾಳಿಗೆಯ ಬಗ್ಗೆ ಹೇಳಿದ. ಇನ್ನೊಬ್ಬ ಒಂದೇ ಕೋಣೆಯಲ್ಲಿ ನಾಲ್ಕು ತರಗತಿ ಕೂಡುವುದನ್ನು ಹೇಳಿದ. ಸಾಹೇಬರು ಆಕಳಿಸಿದರು. ದೊಡ್ಡಬಸಪ್ಪನಿಗೆ ಮೊದಲಿನಿಂದಲೂ ಭಾಷಣ ಬರುತ್ತಿತ್ತು. ಸ್ವಾತಂತ್ರ್ಯ ದಿನದಂದು ಧ್ವಜದ ಕಂಬಕ್ಕೂ ಅಳು ತರಿಸಬಲ್ಲವನು ಎಂದು ಊರಲ್ಲಿ ಹೆಸರು. ಮೈಕು ಕೈಗೆ ಬಂದದ್ದೇ ಮಾತು ತಾನಾಗಿ ಎದ್ದು ನಡೆಯಿತು. ನಮ್ಮ ಶಾಲೆಯಲ್ಲಿ ಒಬ್ಬ ಹುಡುಗಿ ಇದ್ದಾಳೆ, ಕಿವಿ ಕೇಳಿಸದು, ಮಾತು ಬಾರದು. ಊರವರು ಬೇಡವೆಂದರೂ ನಾನು ಕೈ ಹಿಡಿದು ಮೊದಲ ಸಾಲಿನಲ್ಲಿ ಕೂಡಿಸಿದೆ. ಆ ಮಗು ಒಂದು ದಿನ ತನ್ನ ಹೆಸರನ್ನು ತಾನೇ ಹಲಗೆಯ ಮೇಲೆ ಬರೆದಾಗ... ಇಲ್ಲಿ ಗಂಟಲು ಕಟ್ಟಿತು, ನಿಜವಾಗಿಯೇ ಕಟ್ಟಿತು, ಅದೇ ಆಶ್ಚರ್ಯ. ಸಭೆ ಚಪ್ಪಾಳೆ ತಟ್ಟಿತು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು, “ಆ ಮಗುವಿನ ಹೆಸರೇನು?” ಎಂದರು. ಕಟ್ಟಿದ ಕಥೆಗೆ ಒಂದು ಹೆಸರು ಕಟ್ಟುವುದು ಏನು ದೊಡ್ಡದು, ಆದರೆ ಅವನ ಬಾಯಿಂದ ‘ಗದ್ದೆಮ್ಮ’ ಎಂದು ಬಂತು. ಕಟ್ಟುವ ಮೊದಲೇ ಆ ಹೆಸರು ನಾಲಿಗೆಯ ಕೆಳಗೆ ಎರಡು ವರ್ಷದಿಂದ ಕೂತಿತ್ತೆಂದು ಅವನಿಗೆ ಆಗಲೇ ತಿಳಿದದ್ದು.

ಗದ್ದೆಮ್ಮ ಇದ್ದಳು. ಅದೇ ತೊಂದರೆ. ಎರಡು ವರ್ಷದ ಹಿಂದಿನ ಜೂನ್ ತಿಂಗಳಲ್ಲಿ ಕೂಲಿಯ ಆದೆಮ್ಮ ಮಗಳ ತಲೆಗೆ ಎಣ್ಣೆ ಹಚ್ಚಿ, ಕೆಂಪು ರಿಬ್ಬನ್ನು ಕಟ್ಟಿ, ಶಾಲೆಯ ಹೊಸ್ತಿಲ ಹೊರಗೆ ಬಂದು ನಿಂತಿದ್ದಳು. ‘ಏನವ್ವಾ ನಿನ್ನ ಹೆಸರು?’ ಎಂದು ದೊಡ್ಡಬಸಪ್ಪ ಹುಡುಗಿಯನ್ನು ಕೇಳಿದ. ಹುಡುಗಿ ಅವನ ಬಾಯಿಯನ್ನೇ ನೋಡಿದಳು. ಮತ್ತೆ ಕೇಳಿದ, ಇನ್ನಷ್ಟು ಗಟ್ಟಿಯಾಗಿ. ಮೂರನೆಯ ಸಲ ಕೂಗಿದ; ಕೂಗಿದ್ದಕ್ಕೆ ತರಗತಿಯ ಮಕ್ಕಳೆಲ್ಲ ನಕ್ಕರು, ಮಕ್ಕಳು ನಕ್ಕದ್ದಕ್ಕೆ ಹುಡುಗಿಯೂ ನಕ್ಕಳು. ‘ಇದು ನಮ್ಮ ಸಾಲ್ಯಾಗ ಹೊಂದಂಗಿಲ್ಲವ್ವಾ. ರಾಯಚೂರಾಗ ಇಂಥವರಿಗೆ ಬ್ಯಾರೆ ಸಾಲಿ ಐತಿ, ಅಲ್ಲಿಗೆ ಒಯ್ಯಿ’ ಎಂದು ಹೇಳಿ ಕಳಿಸಿದ. ಅಂಥದೊಂದು ಶಾಲೆ ಇದೆಯೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳಬೇಕೆಂದೂ ಅನಿಸಿರಲಿಲ್ಲ. ದೊಡ್ಡ ಊರಿನಲ್ಲಿ ಎಲ್ಲವೂ ಇರುತ್ತದೆ ಎಂಬ ಧೈರ್ಯದಿಂದ ಹೇಳಿದ್ದು. ಈಗ ತರಬೇತಿಯಿಂದ ಮರಳಿದ ಮೇಲೆ, ಈ ಮಂಗಳವಾರ ಮಧ್ಯಾಹ್ನ, ತಾಲೂಕು ಆಫೀಸಿನಿಂದ ಚೀಟಿ ಬಂತು: ಶುಕ್ರವಾರ ಸಾಹೇಬರು ಬಿಳೇಗಲ್ಲಿನ ಶಾಲೆಗೆ ಖುದ್ದಾಗಿ ಬಂದು ಸದರಿ ಬಾಲಕಿಯನ್ನು ನೋಡಲಿದ್ದಾರೆ. ಓಡಿಹೋಗಿ ವಿಚಾರಿಸಿದರೆ ಆದೆಮ್ಮನ ಗುಡಿಸಲಿನಲ್ಲಿ ಅವಳ ಮುದಿ ತಾಯಿ ಒಬ್ಬಳೇ ಇದ್ದಳು. ತಾಯಿ ಮಗಳು ಭತ್ತ ಕೊಯ್ಯುವ ಕೂಲಿಗೆ ದಢೇಸುಗೂರಿನ ಕಡೆಗೆ ಹೋಗಿ ತಿಂಗಳಾಗಿತ್ತು. ಸದರಿ ಬಾಲಕಿ ಎಂಬ ಮಾತು ರಾತ್ರಿಯೆಲ್ಲ ಸೊಳ್ಳೆಯಂತೆ ಕಿವಿಯ ಹತ್ತಿರ ಸುಳಿಯಿತು.

ಸಿಂಧನೂರಿನಲ್ಲಿ ಬಸ್ಸು ಬದಲಿಸಿ ದಢೇಸುಗೂರಿನ ಹತ್ತಿರ ಇಳಿದಾಗ ಹನ್ನೊಂದು ದಾಟಿತ್ತು. ಮಸ್ಕಿಯ ಕಡೆಯ ಕಲ್ಲುನೆಲ ನೋಡಿದ ಕಣ್ಣಿಗೆ ಕಾಲುವೆಯ ಕೆಳಗಿನ ಭತ್ತ ಕಣ್ಣು ಕುಕ್ಕುವಷ್ಟು ಹಳದಿಯಾಗಿತ್ತು. ಬದುವಿನ ಮೇಲೆ ಬೂಟು ಹಾಕಿಕೊಂಡು ನಡೆಯಬಾರದೆಂಬುದು ಗೊತ್ತಿದ್ದರೂ ಹೆಡ್‌ಮಾಸ್ತರ ಬೂಟು ಕೈಯಲ್ಲಿ ಹಿಡಿದು ಹೋಗುವುದು ಹೇಗೆ ಎಂದು ಹಾಕಿಕೊಂಡೇ ನಡೆದ. ನಾಲ್ಕನೆಯ ಬದುವಿನಲ್ಲಿ ಎಡಗಾಲು ಮೊಣಕಾಲಿನವರೆಗೆ ರಾಡಿಯೊಳಗೆ ಇಳಿಯಿತು. ಎಳೆದುಕೊಂಡರೆ ಕಾಲು ಬಂತು, ಬೂಟು ಬರಲಿಲ್ಲ. ಬಗ್ಗಿ ಕೈಹಾಕಿ ಹುಡುಕುತ್ತಿದ್ದಾಗ ಕೊಯ್ಲಿನ ಹೆಣ್ಣುಮಕ್ಕಳೆಲ್ಲ ಕುಡುಗೋಲು ನಿಲ್ಲಿಸಿ ನೋಡಿದರು. ಅವರೊಳಗಿಂದ ಒಬ್ಬಳು ಗಾಬರಿಯಿಂದ ಓಡಿಬಂದಳು. ಆದೆಮ್ಮನೇ. ಬಿಸಿಲಿಗೆ ಇನ್ನಷ್ಟು ಕರ್ರಗಾಗಿದ್ದಳು.

“ಮಾಸ್ತರ, ನಮ್ಮವ್ವಗೇನಾರ ಆತೇನ್ರಿ?” ಎಂದಳು.

ಬಿಳೇಗಲ್ಲಿನಿಂದ ಹೆಡ್‌ಮಾಸ್ತರ ಇಷ್ಟು ದೂರ ತನ್ನನ್ನು ಹುಡುಕಿ ಬರಬೇಕಾದರೆ ಸಾವಿನ ಸುದ್ದಿಯೇ ಇರಬೇಕು ಎಂದು ಅವಳು ತಿಳಿದಿದ್ದಳು. ಬೇರೆ ಯಾವ ಕಾರಣವೂ ಅವಳಿಗೆ ತೋಚದಿರುವುದು ಅವನಿಗೆ ಚುಚ್ಚಿತು. “ಇಲ್ಲವ್ವಾ, ನಿಮ್ಮವ್ವ ಅರಾಮ ಅದಾಳ. ನಾ ಸಾಲಿ ಕೆಲಸಕ್ಕ ಬಂದೀನಿ” ಎಂದ. ಹಿಂದಿದ್ದವಳೊಬ್ಬಳು, “ಸಾಲಿ ಕೆಲಸ ರಾಡ್ಯಾಗ ಬಿದ್ದೈತೇನ್ರಿ, ಹುಡುಕ್ಯಾಡಾಕತ್ತೀರಿ?” ಎಂದಳು. ಹೆಣ್ಣುಮಕ್ಕಳೆಲ್ಲ ಸೆರಗು ಬಾಯಿಗೆ ಹಿಡಿದರು. ಆದೆಮ್ಮ ಮಾತ್ರ ನಗದೆ, ಬಗ್ಗಿ, ಒಂದೇ ಸಲಕ್ಕೆ ಬೂಟು ತೆಗೆದು, ಕಾಲುವೆಯ ನೀರಿನಲ್ಲಿ ತೊಳೆದು ತಂದು ಅವನ ಮುಂದೆ ಇಟ್ಟಳು. ತಾನು ಬರೆದು ಅಳಿಸಿದ ವಾಕ್ಯಗಳಲ್ಲಿ ಒಂದೂ ಆ ತೊಳೆದ ಬೂಟಿನ ಮುಂದೆ ನಿಲ್ಲುವಂಥದ್ದಾಗಿರಲಿಲ್ಲ.

ಕೂಲಿಯವರ ಗುಡಿಸಲುಗಳ ಹತ್ತಿರ ಚಪ್ಪರದ ಕೆಳಗೆ ಹುಸೇನಮ್ಮ ಎಂಬವಳ ಚಹಾದಂಗಡಿ. ಅಲ್ಲಿಗೆ ಕರೆದೊಯ್ದು, ಗೋಣಿಚೀಲ ಕೊಡವಿ ಹಾಸಿ, ಆದೆಮ್ಮ ಅವನನ್ನು ಕೂಡಿಸಿದಳು. ತಾನು ದೂರದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಅವನು ಇನ್ನೂ ಬಾಯಿ ತೆರೆಯುವ ಮೊದಲೇ, “ನೀವು ಹೇಳಿದ್ರಲ್ಲ ಮಾಸ್ತರ, ನಾವು ಹೋಗಿದ್ದೆವ್ರಿ ರಾಯಚೂರಿಗೆ” ಎಂದಳು. “ಎರಡು ದಿನ ತಿರುಗ್ಯಾಡಿದಿವಿ. ಯಾರನ್ನ ಕೇಳಿದ್ರೂ ಅಂಥಾ ಸಾಲಿ ಇಲ್ಲಿಲ್ಲ ಅಂದ್ರು. ಸ್ಟೇಷನ್ನಾಗ ಮಕ್ಕೊಂಡ್ವಿ. ನನಗ ಓದಾಕ ಬರಂಗಿಲ್ಲ ನೋಡ್ರಿ, ಬೋರ್ಡ್ ಇದ್ದರೂ ಕಂಡಿಲ್ಲದಂಗ. ಅದು ಎಲ್ಲಿ ಬರತೈತ್ರಿ? ಬಸ್‌ಸ್ಟ್ಯಾಂಡಿಗೆ ಹತ್ತರ ಏನು?” ಅವಳ ಮಾತಿನಲ್ಲಿ ವ್ಯಂಗ್ಯವಿದೆಯೇ ಎಂದು ದೊಡ್ಡಬಸಪ್ಪ ಹುಡುಕಿದ. ಇದ್ದಿದ್ದರೆ ಎಷ್ಟು ಹಗುರಾಗುತ್ತಿತ್ತು, ಸಿಟ್ಟಾದರೂ ಮಾಡಬಹುದಿತ್ತು. ಅವಳು ನಿಜವಾಗಿಯೂ ವಿಳಾಸ ಕೇಳುತ್ತಿದ್ದಳು. “ಅದು... ಈಗ ಮುಚ್ಚ್ಯಾರಂತವ್ವಾ” ಎಂದ. ಇಲ್ಲದ ಶಾಲೆಯನ್ನು ಒಮ್ಮೆ ತೆರೆದು ಈಗ ಮುಚ್ಚಿದ್ದೂ ಆಯಿತು. “ಹೌದೇನ್ರಿ,” ಎಂದು ಅವಳು ಸಮಾಧಾನದಿಂದ ತಲೆಯಾಡಿಸಿದಳು, “ಮತ್ತ ನಾ ಅಂದೆ, ಮಾಸ್ತರ ಸುಳ್ಳ ಯಾಕ ಹೇಳ್ಯಾರು ಅಂತ. ಹೋಗಿದ್ದಕ್ಕ ಹುಡುಗಿ ರೈಲು ನೋಡಿದ್ಲು ಬಿಡ್ರಿ. ಅದು ಬರೂ ಮುಂದ ನೆಲ ನಡುಗತೈತೆಲ್ಲ, ನನಗಿಂತ ಮೊದಲು ಆಕಿಗೆ ತಿಳೀತು. ಕಾಲು ಬಡದು ಬಡದು ತೋರಿಸಿದ್ಲು.”

ಅಷ್ಟರಲ್ಲಿ ಗದ್ದೆಮ್ಮ ಬಂದಳು. ಒಂಬತ್ತು ವರ್ಷದ ಹುಡುಗಿ, ಸೊಂಟದ ಮೇಲೆ ನೀರಿನ ಕೊಡ. ಚಪ್ಪರದೊಳಗೆ ಕೂತವನನ್ನು ನೋಡಿ ನಿಂತಳು. ಕೊಡ ಇಳಿಸಿದಳು. ಆಮೇಲೆ ಹುಸೇನಮ್ಮನ ಕಡೆಗೆ ತಿರುಗಿ, ಕುತ್ತಿಗೆಯ ನರ ಉಬ್ಬಿಸಿ, ಕಣ್ಣು ದೊಡ್ಡದು ಮಾಡಿ, ಬಾಯಿಯನ್ನು ಕಿವಿಯವರೆಗೆ ತೆರೆದು ಮುಚ್ಚಿದಳು. ಒಮ್ಮೆ, ಎರಡು ಸಲ, ಮೂರು ಸಲ. ಏನೂ ಸದ್ದಿಲ್ಲ. ದೊಡ್ಡಬಸಪ್ಪನಿಗೆ ತನ್ನ ಮುಖ ಕನ್ನಡಿಯಲ್ಲಿ ಎಂದೂ ಅಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ.

“ಸಿಟ್ಟಾಗಬ್ಯಾಡ್ರಿ ಮಾಸ್ತರ,” ಹುಸೇನಮ್ಮ ಚಹಾ ಸೋಸುತ್ತ ಹೇಳಿದಳು. “ಅದು ನಿಮ್ಮ ಹೆಸರು. ಎಲ್ಲಾರಿಗೂ ಒಂದೊಂದು ಹೆಸರು ಇಟ್ಟಾಳ ಆಕಿ. ನಂದು ಹಿಂಗ” ಎಂದು ಸಕ್ಕರೆ ಹಾಕುವಂತೆ ಮೂರು ಬೆರಳು ಕೂಡಿಸಿ ಉದುರಿಸಿ ತೋರಿಸಿದಳು. “ನಿಮ್ಮ ಹೆಸರು ಹೇಳಿ ದಿನಾ ನಗಸ್ತಾಳ ನಮ್ಮನ್ನ. ನೀವs ಅವರಂತ ಈಗ ಗೊತ್ತಾತು.”

ಹುಸೇನಮ್ಮನ ತಮ್ಮ ಮೂಗನಿದ್ದನಂತೆ. ಹದಿನಾರು ವರ್ಷ ಅವನ ಸಂಗಡ ಕೈಯಲ್ಲೇ ಮಾತಾಡಿದ್ದಳು. “ಈಗ ಇಲ್ಲ ಅಂವ. ಕೈ ಸುಮ್ಮನ ಕುಂತಿದ್ದುವು, ಈ ಹುಡುಗಿ ಬಂದ್ಲು. ಹೋದ ವರ್ಸದ ಸುಗ್ಗಿಗೂ ಇಲ್ಲೇ ಇದ್ಲು, ಈ ವರ್ಸನೂ ಬಂದಾಳ.” ಇದ್ದಿಲಿನಿಂದ ಗೋಡೆಯ ಮೇಲೆ ಅಕ್ಷರವನ್ನೂ ಕಲಿಸಿದ್ದಳು. ಈಗ ಕೊಯ್ಲಿಗೆ ಬಂದವರ ಹೆಸರನ್ನು, ಚಹಾ ಒದಗಿಸುವ ಹುಸೇನಮ್ಮನದನ್ನೂ ಸೇರಿಸಿ, ದಿನಾ ಬೆಳಿಗ್ಗೆ ಮೇಸ್ತ್ರಿಗೆ ಬರೆದು ಕೊಡುವುದು ಗದ್ದೆಮ್ಮನೇ. ಅಂದರೆ ಲಿಂಗಸುಗೂರಿನಲ್ಲಿ ತಾನು ಹೇಳಿದ ಸುಳ್ಳು ಇಲ್ಲಿ, ತನ್ನನ್ನು ಕೇಳದೆ, ತನ್ನ ಅಪ್ಪಣೆ ಇಲ್ಲದೆ, ತಾನಾಗಿ ನಿಜವಾಗಿ ಬೆಳೆದು ನಿಂತಿತ್ತು. ದೊಡ್ಡಬಸಪ್ಪನಿಗೆ ಮೊದಲು ಆದದ್ದು ಸಂತೋಷ: ಶುಕ್ರವಾರ ಪಾರಾದೆ. ನಾಚಿಕೆ ಆಮೇಲೆ ಬಂತು, ಅದೂ ಚಹಾದ ಕೊನೆಯ ಗುಟುಕಿನ ಹೊತ್ತಿಗೆ.

“ನೀ ಎಷ್ಟನೇತ್ತ ಓದೀದಿ?” ಎಂದು ಹುಸೇನಮ್ಮನನ್ನು ಕೇಳಿದ, ಕೇಳುವ ಅಧಿಕಾರ ಇನ್ನೂ ತನಗಿದೆ ಎಂದು ತೋರಿಸಲು.

“ನಾಕನೇತ್ತರಿ. ಮಾಸ್ತರ ಕೆನ್ನಿಗೆ ಬಡದ್ರು, ಬಿಟ್ಟೆ.”

“ಯಾವ ಊರಾಗ?”

“ಯಾವ ಊರಾದರೇನ್ರಿ, ಎಲ್ಲಾ ಕಡಿ ಬಡೂದು ಒಂದs ಕೈಲೆ.”

ಕೊನೆಗೆ ಹೇಳಿದ. ಒಂದು ದಿನದ ಮಟ್ಟಿಗೆ, ಸಾಹೇಬರು ಬರುತ್ತಾರೆ, ಊರಿನ ಮಾನದ ಪ್ರಶ್ನೆ, ನಾನೇ ಕರೆದೊಯ್ದು ನಿಮ್ಮವ್ವನ ಮನೆಯಲ್ಲಿ ಬಿಡುತ್ತೇನೆ. “ಆಮ್ಯಾಲ ರೀ?” ಎಂದಳು ಆದೆಮ್ಮ. “ಆಮ್ಯಾಲ ನೋಡೂಣು” ಎಂದ. ಇಲಾಖೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಎಲ್ಲ ಅರ್ಜಿಗಳಿಗೂ ಅವನು ಕೊಟ್ಟ, ಅವನಿಗೂ ಸಿಕ್ಕ ಉತ್ತರ ಅದು. “ರವಿವಾರ ನಮ್ಮೂರವರು ಈ ಕಡಿ ಬರ್ತಾರ, ಅವರ ಕೂಡ ಕಳಿಸಿಬಿಡ್ರಿ ಹಂಗಾದರ. ಇಲ್ಲಿ ನೀರು ಹೊರಾಕ ಆಕಿ ಬೇಕು” ಎಂದು ಅವಳು ಒಪ್ಪಿದಳು. ಹುಸೇನಮ್ಮ ಹುಡುಗಿಯ ಕಡೆಗೆ ತಿರುಗಿ, ಬಾಯಿ ದೊಡ್ಡದಾಗಿ ತೆರೆದು ತೋರಿಸಿ, ಅಂಗೈ ಮೇಲೆ ಬೆರಳಿನಿಂದ ಬರೆದು, ಬೆರಳು ದೂರಕ್ಕೆ ಚಾಚಿದಳು. ಬಾಯಿ ತೆರೆಯುವವನ ಶಾಲೆಗೆ ಹೋಗುತ್ತೀ ಎಂದಿರಬೇಕು. ಗದ್ದೆಮ್ಮ ನಂಬದೆ ತಾಯಿಯ ಮುಖ ನೋಡಿದಳು, ಇವನ ಮುಖ ನೋಡಿದಳು. ಆಮೇಲೆ ಅವಳ ಮುಖ ಅರಳಿದ ರೀತಿಯನ್ನು ನೋಡಲಾಗದೆ ದೊಡ್ಡಬಸಪ್ಪ ಒದ್ದೆ ಬೂಟಿನ ದಾರ ಕಟ್ಟತೊಡಗಿದ.

“ಒಂದs ದಿನಕ್ಕ ಅಂತ ತಿಳಿಸಿ ಹೇಳು ಆಕಿಗೆ” ಎಂದ.

“ಅದನ್ನ ನಾ ಹೇಳೂದಿಲ್ಲ,” ಹುಸೇನಮ್ಮ ಪಾತ್ರೆ ತೊಳೆಯಲು ಎದ್ದಳು. “ಅದನ್ನ ನೀವs ಹೇಳ್ರಿ.”

ಮರಳುವ ಬಸ್ಸಿನಲ್ಲಿ ಹುಡುಗಿ ಪಕ್ಕದಲ್ಲಿ ಕೂತು, ಮುಂದಿನ ಸೀಟಿನ ಕಬ್ಬಿಣದ ಸರಳಿಗೆ ಅಂಗೈ ಒತ್ತಿ ಹಿಡಿದು ಎಂಜಿನ್ನಿನ ನಡುಕ ಕೇಳುತ್ತಿದ್ದಳು. ದೊಡ್ಡಬಸಪ್ಪ ಒಂದು ಬೆರಳು ಎತ್ತಿದ. ಒಂದು ದಿನ ಎಂದು. ಹುಡುಗಿ ಬೆರಳನ್ನು ನೋಡಿದಳು, ತಾನೂ ಒಂದು ಬೆರಳು ಎತ್ತಿದಳು, ಆಮೇಲೆ ಎರಡು, ಮೂರು, ಹತ್ತರವರೆಗೆ ಎತ್ತಿ ತನಗೆ ಎಣಿಕೆ ಬರುತ್ತದೆಂದು ತೋರಿಸಿದಳು. ಸರ್ವಾಂಗೀಣ ವಿಕಾಸದ ಐದು ದಿನದಲ್ಲಿ ‘ಒಂದೇ ದಿನ, ಆಮೇಲೆ ಬರಬೇಡ’ ಎಂಬುದನ್ನು ಕೈಯಲ್ಲಿ ಹೇಗೆ ಹೇಳಬೇಕೆಂದು ಯಾರೂ ಕಲಿಸಿರಲಿಲ್ಲ. ಅವನು ಕಣ್ಣು ಮುಚ್ಚಿ ನಿದ್ದೆ ಬಂದವನಂತೆ ಮಾಡಿದ.

ಗುರುವಾರ ಹಾಜರಿ ಪುಸ್ತಕದ ಕೆಲಸ. ಮೂರನೆಯ ತರಗತಿಯ ಪಟ್ಟಿಯ ಕೊನೆಯಲ್ಲಿ ಜೂನ್ ತಿಂಗಳಿನಿಂದ ಗದ್ದೆಮ್ಮನ ಹೆಸರು ಸೇರಬೇಕಿತ್ತು. ಸಹಶಿಕ್ಷಕಿ ಶಂಶಾದ್‌ಬೀಯ ಅಕ್ಷರ ಚೆಂದ, ಸಾಹೇಬರ ಕಣ್ಣಿಗೆ ಹಿಡಿಸುವಂಥದ್ದು. ಪುಸ್ತಕ ಅವಳ ಮುಂದೆ ಸರಿಸಿದ. ಆರು ವರ್ಷದಿಂದ ಇವನ ಕೈಕೆಳಗೆ ಒಂದು ಎದುರುಮಾತೂ ಆಡದೆ ದುಡಿದವಳು ಅವಳು. ಪುಸ್ತಕ ನೋಡಿದಳು, ಇವನನ್ನು ನೋಡಿದಳು, “ನನ್ನ ಪೆನ್ನಾಗ ಮಸಿ ಇಲ್ರಿ ಸರ” ಎಂದು ತರಗತಿಗೆ ಹೋದಳು. ಹೋಗುವಾಗ ಸೆರಗಿಗೆ ಸಿಕ್ಕಿಸಿಕೊಂಡಿದ್ದ ಅದೇ ಪೆನ್ನಿನಿಂದ ಯಾವುದೋ ಹುಡುಗನ ವಹಿಯಲ್ಲಿ ರುಜು ಹಾಕಿದ್ದನ್ನು ಅವನು ನೋಡಿದ. ತಾನೇ ಕೂತು ಬರೆದ. ಹಳೆಯ ತಿಂಗಳುಗಳಿಗೆ ಹಳೆಯ ಪೆನ್ನು, ಹೊಸ ತಿಂಗಳುಗಳಿಗೆ ಹೊಸದು. ಒಂದು ದಿನವೂ ತಪ್ಪದ ಹಾಜರಿ ಅನುಮಾನಕ್ಕೆ ಎಡೆಯಾದೀತೆಂದು ಆಗಸ್ಟ್‌ನಲ್ಲಿ ಹುಡುಗಿಗೆ ಎರಡು ದಿನ ಜ್ವರ ಬರಿಸಿದ. ಮಾಡಿ ಮುಗಿಸಿದ ಮೇಲೆ, ಜ್ವರ ಇಳಿದು ಮೂರನೆಯ ದಿನ ಮತ್ತೆ ಶಾಲೆಗೆ ಬಂದ ಮಗುವನ್ನು ನೋಡಿದಂತೆ ಅವನಿಗೆ ಒಂದು ಕ್ಷಣ ಸುಖವಾಯಿತು. ಈ ಸುಖದಲ್ಲಿ ಕಪಟವಿರಲಿಲ್ಲ. ಕಪಟವಿದ್ದಿದ್ದರೆ ಅವನಿಗೆ ಸ್ವಲ್ಪ ನಿದ್ದೆಯಾದರೂ ಬರುತ್ತಿತ್ತು.

ಶುಕ್ರವಾರ ಸಾಹೇಬರು ಜೀಪಿನಿಂದ ಇಳಿದು, ಹಾರ ಹಾಕಿಸಿಕೊಂಡು, ನೇರವಾಗಿ ಮೂರನೆಯ ತರಗತಿಗೆ ಬಂದರು. ಗದ್ದೆಮ್ಮ ಮೊದಲ ಸಾಲಿನಲ್ಲಿ ಇದ್ದಳು. ಅಜ್ಜಿ ಎಲ್ಲಿಂದಲೋ ರಿಬ್ಬನ್ನು ಹುಡುಕಿ ಕಟ್ಟಿದ್ದಳು, ಈ ಸಲ ನೀಲಿ. “ಇವಳೇನು?” ಎಂದರು ಸಾಹೇಬರು. ಕೆನ್ನೆ ತಟ್ಟಿದರು. ಅವಳ ಕಿವಿಯ ಹತ್ತಿರ ಬಗ್ಗಿ ಗಟ್ಟಿಯಾಗಿ, “ನಿನ್ನ ಹೆಸರು ಬರಿಯಮ್ಮಾ” ಎಂದರು. ದೊಡ್ಡಬಸಪ್ಪ ಸುಣ್ಣದ ಬಳಪ ಅವಳ ಕೈಗೆ ಕೊಟ್ಟು ಹಲಗೆಯ ಕಡೆಗೆ ತೋರಿಸಿದ. ಹುಡುಗಿ ಎದ್ದು ಹೋಗಿ, ಬಳಪ ಸರಿಯಾಗಿ ಹಿಡಿದು ಬರೆಯಲು ಸುರುಮಾಡಿದಳು. ಕನಕಮ್ಮ ಎಂದು ಬರೆದಳು. ಅದರ ಕೆಳಗೆ ಬಸ್ಸಮ್ಮ. ಅದರ ಕೆಳಗೆ ಹುಸೇನಮ್ಮ. ಆದೆಮ್ಮ. ದಿನಾ ಬೆಳಿಗ್ಗೆ ಮೇಸ್ತ್ರಿಗೆ ಬರೆದುಕೊಡುವ ಕೊಯ್ಲಿನ ಪಟ್ಟಿ! ಹಲಗೆ ಕೊಟ್ಟರೆ ಬರೆಯಬೇಕಾದದ್ದು ಅದೇ ಎಂದು ಅವಳ ತಿಳುವಳಿಕೆ. ಎಲ್ಲರ ಕೊನೆಗೆ, ಸ್ವಲ್ಪ ಸಣ್ಣ ಅಕ್ಷರದಲ್ಲಿ, ಗದ್ದೆಮ್ಮ.

“ಯಾರ್ರಿ ಇವರೆಲ್ಲಾ?” ಎಂದರು ಸಾಹೇಬರು.

ಹೇಳಬಹುದಿತ್ತು. ಆ ಒಂದು ಉಸಿರಿನ ಹೊತ್ತು ಬಾಗಿಲು ತೆರೆದೇ ಇತ್ತು: ಇವರು ದಢೇಸುಗೂರಿನ ಕೂಲಿಯವರು ಸರ, ಈ ಮಗುವಿಗೆ ಅಕ್ಷರ ಕಲಿಸಿದವಳು ಇದರಲ್ಲಿ ಮೂರನೆಯವಳು, ಚಹಾ ಮಾರುತ್ತಾಳೆ, ನಾನು ಈ ಹುಡುಗಿಯನ್ನು ಇದೇ ಬಾಗಿಲಿನಿಂದ ಹೊರಗೆ ಕಳಿಸಿದವನು. ಮಾತು ಗಂಟಲಿನವರೆಗೆ ಬಂದಿತ್ತು ಎಂದು ಆಮೇಲೆ ಎಷ್ಟೋ ಸಲ ಅವನು ತನಗೆ ತಾನೇ ಹೇಳಿಕೊಂಡ. ಬಾಯಿಂದ ಬಂದದ್ದು, “ನಮ್ಮ ಸಾಲಿ ತಾಯಂದಿರ ಸಮಿತಿ ಸರ. ಆ ತಾಯಂದಿರ ಹೆಸರು ಮಕ್ಕಳಿಗೆಲ್ಲಾ ಬಾಯಿಪಾಠ” ಎಂದು. ಸಾಹೇಬರು ಸಂತೋಷದಿಂದ ಚೀಲದಿಂದ ಪುಸ್ತಕ ತೆಗೆಸಿ, ತಾಯಂದಿರ ಸಮಿತಿ ಕ್ರಿಯಾಶೀಲವಾಗಿದೆ ಎಂದು ಬರೆದರು. ಹಾಜರಿ ಪುಸ್ತಕ ತಿರುವಿ, “ಆಗಸ್ಟ್‌ನ್ಯಾಗ ಎರಡು ದಿನ ಬಂದಿಲ್ಲಲ್ರಿ?” ಎಂದರು. “ಜ್ವರ ಬಂದಿತ್ತು ಸರ.” “ಹೋಗಿ ನೋಡಿದ್ರೇನು?” “ನೋಡಿದೆ ಸರ. ನಾನs ಗುಳಗಿ ಕೊಟ್ಟು ಬಂದೆ.” ಗೋಡೆಗೆ ಒರಗಿ ನಿಂತಿದ್ದ ಶಂಶಾದ್‌ಬೀ ಕಿಟಕಿಯ ಹೊರಗೆ ನೋಡತೊಡಗಿದಳು. ಉಳಿದ ಶಾಲೆಗಳ ಹೆಡ್‌ಮಾಸ್ತರರೂ ಇಲ್ಲಿಗೆ ಬಂದು ನೋಡಿ ಕಲಿಯಲಿ ಎಂದು ಹೇಳಿ ಸಾಹೇಬರು ಜೀಪು ಹತ್ತಿದರು. ದೂಳು ಇಳಿಯುವವರೆಗೆ ದೊಡ್ಡಬಸಪ್ಪ ಕೈ ಮುಗಿದೇ ನಿಂತಿದ್ದ. ತಿರುಗಿ ನೋಡಿದರೆ ಶಂಶಾದ್‌ಬೀ ಹಲಗೆ ಒರೆಸದೆ, ಆ ಐದು ಹೆಸರುಗಳನ್ನು ಹಾಗೇ ಬಿಟ್ಟು, ಪಕ್ಕದ ಖಾಲಿ ಜಾಗದಲ್ಲಿ ಲೆಕ್ಕ ಬಿಡಿಸುತ್ತಿದ್ದಳು.

ಶನಿವಾರ ಬೆಳಗಿನ ಶಾಲೆ. ಗದ್ದೆಮ್ಮ ಎಲ್ಲರಿಗಿಂತ ಮೊದಲು ಬಂದು, ಬಾಗಿಲು ತೆರೆಯುವುದನ್ನು ಕಾಯುತ್ತ ಕಟ್ಟೆಯ ಮೇಲೆ ಕೂತಿದ್ದಳು. ಕಂಕುಳಲ್ಲಿ ಯಾರೋ ಕೊಟ್ಟ ಒಡಕು ಪಾಟಿ. ದೊಡ್ಡಬಸಪ್ಪ ದೂರದಿಂದಲೇ ನೋಡಿ ಸೈಕಲ್ಲು ಇಳಿದ. ಒಂದು ದಿನ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ಬಸ್ಸಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದ. ನಾಳೆ ರವಿವಾರ, ಊರವರ ಜೊತೆ ಕಳಿಸಿದರಾಯಿತು, ಇವತ್ತೊಂದು ದಿನ ಕೂತರೆ ಏನು ಗಂಟು ಹೋಗುತ್ತದೆ ಎಂದುಕೊಂಡ. ಹಾಗೆಯೇ ಆಮೇಲೆ ಹೊಳೆಯಿತು: ಉಳಿದ ಹೆಡ್‌ಮಾಸ್ತರರು ಬರುವವರಿದ್ದಾರೆ, ತಿಂಗಳಿಗೊಬ್ಬ ಇಬ್ಬರಂತೆ, ಅವರು ಬಂದಾಗಲೂ ಹುಡುಗಿ ಇರಬೇಕು. ತನ್ನ ಸುಳ್ಳಿನಿಂದ ಇನ್ನು ನಿವೃತ್ತಿಯವರೆಗೆ ಬಿಡುಗಡೆ ಇಲ್ಲ, ಅದನ್ನು ದಿನಾ ಬೆಳಿಗ್ಗೆ ನಿಜ ಮಾಡುತ್ತಲೇ ಇರಬೇಕು. ತಾಯಿಗೆ ಹೇಳಿ ಕಳಿಸಬೇಕು. ಏನೆಂದು ಹೇಳಿ ಕಳಿಸುವುದು?

ಹಾಜರಿ ಕೂಗಿದ. ಒಬ್ಬೊಬ್ಬರೇ ಎದ್ದು “ಹಾಜರ್ ಸರ” ಎಂದು ಕೂತರು. ಪಟ್ಟಿಯ ಕೊನೆಗೆ ಬಂದ. ಜೂನ್ ತಿಂಗಳಿನಿಂದ ಬಂದ, ಜ್ವರ ಬಂದು ಹೋದ ಹೆಸರು. ಅದನ್ನು ಒಮ್ಮೆಯೂ ಬಾಯಿಬಿಟ್ಟು ಕೂಗಿರಲಿಲ್ಲ. “ಗದ್ದೆಮ್ಮ” ಎಂದ, ಮೆಲ್ಲಗೆ. ಕೂಗಿ ಪ್ರಯೋಜನವಿಲ್ಲವೆಂದು ಈಗಲಾದರೂ ತಿಳಿದಿತ್ತು. ಪಕ್ಕದವಳು ಕೂತದ್ದನ್ನು ನೋಡಿ ಹುಡುಗಿ ತಾನೇ ಎದ್ದು ನಿಂತಳು. ಎಲ್ಲರಂತೆ ಬಾಯಿ ತೆರೆದಳು. ಏನೋ ಒಂದು ದನಿ ಬಂತು, ಒರಟಾಗಿ, ಅರ್ಧಕ್ಕೆ ಮುರಿದು. ತರಗತಿಯಲ್ಲಿ ಒಂದಿಬ್ಬರು ನಗಲು ಹೊರಟು, ಮಾಸ್ತರ ನಗದಿರುವುದನ್ನು ನೋಡಿ ನಿಲ್ಲಿಸಿದರು. ದೊಡ್ಡಬಸಪ್ಪ ಗುರುತು ಹಾಕಿ, “ಕುಂದ್ರು” ಎಂದ. ಅವಳು ನಿಂತೇ ಇದ್ದಳು. ಕೈಯಿಂದ ಸನ್ನೆ ಮಾಡಿದ. ಕರೆದನೆಂದು ತಿಳಿದು ಎರಡು ಹೆಜ್ಜೆ ಮುಂದೆ ಬಂದಳು. ಬೇಡ, ಅಲ್ಲೇ, ಎಂದು ಅಂಗೈ ಅಡ್ಡ ಹಿಡಿದ. ಹೊರಗೆ ಹೋಗೆಂದನೆಂದು ತಿಳಿದು ಬಾಗಿಲಿನ ಕಡೆಗೆ ನೋಡಿದಳು, ಮುಖ ಬಾಡಿತು, ಪಾಟಿ ಎತ್ತಿಕೊಳ್ಳಲು ಬಗ್ಗಿದಳು.

ಆಗ ಹೆಡ್‌ಮಾಸ್ತರ ದೊಡ್ಡಬಸಪ್ಪ ಕುರ್ಚಿಯಿಂದ ಎದ್ದು ಬಂದು, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ, ಅವಳ ಎದುರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಮೊಣಕಾಲು ಎರಡೂ ಲಟಲಟ ಎಂದವು. ತರಗತಿಗೆ ತರಗತಿಯೇ ನಕ್ಕಿತು. ಗದ್ದೆಮ್ಮನಿಗೆ ಅರ್ಥವಾಗಿ, ಅವಳೂ ಕೂತಳು. ಅವನು ಏಳಲು ನೋಡಿದ. ಅವನು ಎದ್ದದ್ದು ನೋಡಿ ಅವಳೂ ಎದ್ದಳು. ಮತ್ತೆ ಕೂತ, ಅವಳೂ ಕೂತಳು. ಬಾಗಿಲಲ್ಲಿ ಶಂಶಾದ್‌ಬೀ ಬಂದು ನಿಂತು, “ಏನಾತ್ರಿ ಸರ, ಬಿದ್ರೇನು?” ಎಂದಳು.

“ಇಲ್ಲ ಟೀಚರ್, ಆ ಬಳಪ ಇಷ್ಟು ಇಲ್ಲಿ ಕೊಡ್ರಿ” ಎಂದ ದೊಡ್ಡಬಸಪ್ಪ. ಆ ದಿನದ ಮೂರನೆಯ ತರಗತಿಯ ಪಾಠವೆಲ್ಲ ನೆಲದ ಮೇಲೆಯೇ ನಡೆಯಿತು.